ಒಲ್ಲದ ಮನಸ್ಸಿಗೆ ಎಷ್ಟು ಹೆಸರು

“ನಂಗೆ ಮನಸ್ಸಿಲ್ಲ,” ಎಂದಳು ತಂಗಿ. ಒಂದು ಉಸಿರು ನಿಂತು ಹೊರಟ ಮೇಲೆ, “ಆದ್ರೆ ಕೊಡ್ತೀನಿ,” ಎಂದಳು.

ಅನುವಾದಿಸಲು ಬಾಯಿ ತೆರೆದ ದುಭಾಷಿ ಹಾಗೇ ಉಳಿದಳು. ಕಿಡ್ನಿ ಕೊಡುವವರನ್ನು ಮನೆಯವರಿಂದ ಬೇರೆ ಕೂರಿಸಿ, ಬಾಗಿಲು ಮುಚ್ಚಿ ಮನಸ್ಸು ಕೇಳುವುದು ಆ ಆಸ್ಪತ್ರೆಯ ಪದ್ಧತಿ. ಕಿಡ್ನಿ ಬೇಕಾಗಿದ್ದ ಅಕ್ಕ ಹೊರಗೆ ಗಾಲಿಕುರ್ಚಿಯಲ್ಲಿದ್ದಳು. ಒಳಗೆ ಇಂಗ್ಲಿಷ್ ಬಿಟ್ಟು ಬೇರೆ ತಿಳಿಯದ ಡಾಕ್ಟರಮ್ಮ, ಇಂಗ್ಲಿಷಿನ ಗಂಧವೂ ಇಲ್ಲದ ತಂಗಿ, ನಡುವೆ ಇವಳು. ಆಡಿದ ಮಾತಿಗೆ ಒಂದು ಪದ ಸೇರಿಸುವಂತಿಲ್ಲ, ಒಂದು ಬಿಡುವಂತಿಲ್ಲ; ಅದು ಇವಳ ಕಸುಬಿನ ನೇಮ.

‘ಅನ್‌ವಿಲಿಂಗ್’ ಎಂದುಬಿಟ್ಟರೆ ಡಾಕ್ಟರಮ್ಮ ಇಲ್ಲಿಗೇ ನಿಲ್ಲಿಸುತ್ತಾರೆ. ಅಕ್ಕನ ಕಥೆ ಮುಗಿದಂತೆ. ‘ರಿಲಕ್ಟೆಂಟ್’ ಎಂದರೆ ಕಾಲೆಳೆಯುತ್ತಲಾದರೂ ಬರುವವಳು ಎಂದಾಗುತ್ತದೆ. ‘ಹೆಸಿಟೆಂಟ್’ ಎಂದರೆ ಇನ್ನೂ ಹೊಸ್ತಿಲಲ್ಲೇ ನಿಂತವಳು. ‘ಗ್ರಜಿಂಗ್’ ಎನ್ನೋಣವೆಂದರೆ, ಅದು ಕೊಟ್ಟ ಮೇಲೂ ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡವರ ಮಾತು. ಅಜ್ಜಿ ಕಾವ್ಯ ಓದುವಾಗ ಪಕ್ಕದಲ್ಲಿ ಕೂತು ಕೇಳಿ ಬೆಳೆದ ಕಿವಿ ಇವಳದು. ಪದಕ್ಕಿಂತ ಮೊದಲು ಉಸಿರು ಎಲ್ಲಿ ನಿಂತಿತೆಂದು ಹುಡುಕುತ್ತಿತ್ತು. ಈ ತಂಗಿಯ ಉಸಿರು ನಿಂತ ಜಾಗಕ್ಕೆ ಯಾವ ಪದವೂ ಒಪ್ಪಲಿಲ್ಲ.

ಡಾಕ್ಟರಮ್ಮನ ಅಪ್ಪಣೆ ಪಡೆದು ಅವಳು ತಂಗಿಯ ಕಡೆ ತಿರುಗಿದಳು. “ಅಮ್ಮಾ, ಇವರ ಭಾಷೇಲಿ ಮನಸ್ಸಿಲ್ಲದೆ ಇರೋದಕ್ಕೆ ಸುಮಾರು ಹೆಸರಿದೆ. ಬರೋದೇ ಇಲ್ಲ ಅನ್ನೋದಕ್ಕೊಂದು, ಕಾಲೆಳ್ಕೊಂಡು ಬರೋದಕ್ಕೊಂದು, ಬರ್ಲೋ ಬೇಡ್ವೋ ಅನ್ನೋದಕ್ಕೊಂದು, ಹಲ್ಲು ಕಚ್ಕೊಂಡು ಕೊಡೋದಕ್ಕೊಂದು. ನಿಮ್ಮದು ಯಾವ್ದು?”

“ಅಬ್ಬಬ್ಬಾ, ಇಷ್ಟೊಂದಾ!” ತಂಗಿ ಕಣ್ಣರಳಿಸಿದಳು. “ನಮ್ಮನೇಲಿ ಎಲ್ಲಕ್ಕೂ ಸೇರಿ ಒಂದೇ ಕಣಮ್ಮ. ಬಾಯಿ ಮುಚ್ಕೊಂಡಿರೋದು.” ನಕ್ಕಳು. ಕೈ ತಾನಾಗಿ ಹೋಗಿ ತುರುಬಿಗೆ ಸಿಕ್ಕಿಸಿದ್ದ ಬಾಚಣಿಗೆಯನ್ನು ಮುಟ್ಟಿತು. “ನಮ್ಮಕ್ಕ ಇದಾಳಲ್ಲ, ಅವಳು ಹುಟ್ಟಿದ್ದೇ ನನ್ನ ಸಾಮಾನು ಎತ್ಕೊಳ್ಳೋಕೆ. ಕೊಡೆ ಆಯ್ತು, ಪೆನ್ನಾಯ್ತು, ತಲೇಲಿರೋ ಬಾಚಣಿಗೇನೂ ಕಿತ್ಕೊಂಡು ಹೋಗೋಳು. ಒಂದಿನ ಆದ್ರೂ ‘ತಗೊಳ್ಳಲೇನೇ’ ಅಂದಿಲ್ಲ. ಈಗ ಕಿಡ್ನಿ. ‘ತಂಗಿ ಇದಾಳಲ್ಲ’ ಅಂತ ಎಲ್ರೂ ತೀರ್ಮಾನ ಮಾಡ್ಕೊಂಡು ಕರ್ಕೊಂಡು ಬಂದ್ರು. ನನ್ನ ಯಾರು ಕೇಳಿದ್ರು?”

ದುಭಾಷಿ ಬಾಚಣಿಗೆಯನ್ನೂ ಬಿಡದೆ ಎಲ್ಲವನ್ನೂ ದಾಟಿಸಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೆಲ್ಲಗೆ ಹೇಳಿದ್ದನ್ನು ಅವಳು ಅಷ್ಟೇ ಮೆಲ್ಲಗೆ ಕನ್ನಡಕ್ಕೆ ತಂದಳು: “ನೀವು ಬೇಡ ಅಂದ್ರೆ, ‘ಇವರ ಕಿಡ್ನಿ ತಗೊಳ್ಳೋಕೆ ಬರಲ್ಲ’ ಅಂತ ನಾನೇ ಹೊರಗೆ ಹೇಳ್ತೀನಿ. ಬೇಡ ಅಂದೋರು ನೀವು ಅಂತ ಯಾರಿಗೂ ಯಾವತ್ತೂ ಗೊತ್ತಾಗಲ್ಲ.”

“ನಂಗೋಸ್ಕರ ಇವರು ಅದನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಾರಾ?”

“ಹೂಂ. ಎಲ್ರಿಗೂ ಹೀಗೇ ಅಂತೆ,” ಎಂದಳು ದುಭಾಷಿ, ಡಾಕ್ಟರಮ್ಮನನ್ನು ಕೇಳಿ.

ತಂಗಿ ಮುಚ್ಚಿದ ಬಾಗಿಲನ್ನೇ ನೋಡಿದಳು. ಚಿಲಕ ತನ್ನ ಕಡೆಗೇ ಇರುವುದು ಆಗಷ್ಟೇ ಕಂಡವಳಂತೆ. ಎದ್ದು ಹೋಗಿ ಅದನ್ನು ತಾನೇ ತೆಗೆದಳು.

ಓಣಿಯಲ್ಲಿ ಅಕ್ಕ ಕತ್ತು ಚಾಚಿ ಕಾದಿದ್ದಳು. “ಏನೇ ಇಷ್ಟೊತ್ತು? ಒಳಗೇ ಮನೆ ಮಾಡ್ಕೊಂಡ್ಯಾ? ಏನಂತೆ?”

“ಅಕ್ಕಾ, ಕೇಳೇ.”

“ಏನ್ ಕೇಳ್ಲೇ?”

“ನಿಂಗೇನು ಬೇಕೋ ಅದನ್ನ. ಒಂದೇ ಒಂದ್ಸಲ.”

ಅಕ್ಕನ ಮುಖದ ಬಿರುಸು ಕರಗುತ್ತ ಬಂತು. ಊದಿದ ಬೆರಳುಗಳ ಕೈ ಹಳೆಯ ರೂಢಿಯಂತೆ ತಂಗಿಯ ತುರುಬಿನತ್ತ ಹೋಯಿತು. ಬಾಚಣಿಗೆಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು.

“ತಗೊಳ್ಳಲೇನೇ?” ಎಂದಳು. ಮಗುವಿನ ಧ್ವನಿ.

“ಏನು ಕೇಳುತ್ತಿದ್ದಾರೆ?” ಎಂದು ಡಾಕ್ಟರಮ್ಮ ಹಿಂದಿನಿಂದ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ದುಭಾಷಿ ತುಟಿಯ ಮೇಲೆ ಬೆರಳಿಟ್ಟಳು.

ತಂಗಿ ಕುರ್ಚಿಯ ಮುಂದೆ ಮಂಡಿಯೂರಿ, ಅಕ್ಕನ ಕೈಗೆ ಎಟುಕುವಂತೆ ತಲೆ ಬಾಗಿಸಿದಳು. ಹಾಗೇ ಬಾಗಿಕೊಂಡು, ಸಂತೆಯ ದಿನ ಕೇಳಿದಷ್ಟು ಸಲೀಸಾಗಿ, “ಆಪರೇಷನ್ ಯಾವತ್ತು ಅಂತ ಕೇಳಮ್ಮ ಅವರನ್ನ,” ಎಂದಳು.

ದುಭಾಷಿ ಡಾಕ್ಟರಮ್ಮನತ್ತ ತಿರುಗಿದಳು. ಕಾಲಿಗೆ ನೆಲ ತಣ್ಣಗೆ ತಾಗಿದಂತಾಗಿ ಕೆಳಗೆ ನೋಡಿಕೊಂಡಳು. ಯಾವ ಗಳಿಗೆಯಲ್ಲಿ ಚಪ್ಪಲಿ ಬಿಟ್ಟಿದ್ದಳೋ, ಗುಡಿಯೊಳಗೆ ಬಂದವಳಂತೆ ಬರಿಗಾಲಲ್ಲಿ ನಿಂತಿದ್ದಳು.