ಉಪವಾಸದ ಕೌದಿ

ಹಳೆಯ ಸೀರೆಯ ವಾಸನೆ ಬಂದರೆ ಈಗಲೂ ನನ್ನ ಬೆರಳು ಕೌದಿಯ ಮೂಲೆಯಲ್ಲಿ ರೊಟ್ಟಿ ಹುಡುಕುತ್ತದೆ.

ಆ ವರ್ಷ ಘಟಪ್ರಭಾ ಹೊಳೆ ಊರೊಳಗೆ ನುಗ್ಗಿತ್ತು. ಮನೆ ಬಿದ್ದವರೆಲ್ಲ ಶಾಲೆಯಲ್ಲಿ ಮಲಗುತ್ತಿದ್ದರು. ಅವರಿಗೆ ದಾನ ಕೊಡಲೆಂದು ಗೌಡ್ತಿ ಹಳೆಯ ಸೀರೆಗಳ ಗಂಟು ಕಳಿಸಿ, ಅವ್ವನಿಗೆ ಹೊದಿಕೆಗೆ ಕೌದಿ ಹೊಲಿಯಲು ಹೇಳಿದ್ದಳು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಅಂದು ಮನೆಯಲ್ಲಿದ್ದ ಒಂದೇ ರೊಟ್ಟಿ ನನ್ನ ಕೈಯಲ್ಲಿತ್ತು. ಅವ್ವ ಅದನ್ನೇ ಮುರಿದು, ಒಂದು ಚೂರು ಒಳಗಿಟ್ಟು ಹೊಲಿದಳು. ನಾನು ಮುಖ ಊದಿಸಿಕೊಂಡೆ.

ಅಷ್ಟರಲ್ಲಿ ಗೌಡ್ತಿಯೇ ಬಂದಳು. ಜೀರಿಗೆ ಕಾಳಿನಂಥ ಹೊಲಿಗೆಯ ಸಾಲು ನೋಡಿದಳು, ಮೂಲೆ ಹಿಚುಕಿ ನೋಡಿದಳು.

“ಪುಕ್ಕಟ ಕೊಡೂದಕ್ಕ ಇಷ್ಟ್ಯಾಕ ಚಂದ? ದೊಡ್ಡ ಹೊಲಿಗಿ ಹಾಕಿ ಮುಗಸಬಾರದ? ರೊಟ್ಟಿ ಬ್ಯಾರೆ ಇಟ್ಟಿ! ದಾನದ ಕೌದಿಗಿ ಅದೆಲ್ಲ ಬ್ಯಾಡ, ಬಿಚ್ಚು.”

ಅವ್ವ ಏಳಲಿಲ್ಲ. “ಥಂಡಿ ಎಲ್ಲಾರಿಗೂ ಒಂದಽ ನಮೂನಿ ಹತ್ತತೈತ್ರಿ. ಉಪಾಸ ಕೌದಿ ನಾ ಹೊಲ್ಯೂದಿಲ್ಲ.”

“ಸೀರಿ ನಂದು.”

“ಖರೆ ಐತ್ರಿ. ರೊಟ್ಟಿ ನನ್ನ ಮಗಳದು.” ಅವ್ವ ಕತ್ತರಿಯನ್ನು ಗೌಡ್ತಿಯ ಮುಂದೆ ಸರಿಸಿದಳು. “ತುತ್ತು ತಗ್ಯಾಕ ಬೇಕಂದ್ರ ನೀವಽ ತಗೀರಿ.”

ಗೌಡ್ತಿ ಕತ್ತರಿ ಎತ್ತಿಕೊಂಡಳು. ಮತ್ತೆ ಮೂಲೆ ಮುಟ್ಟಿದಳು. ಕತ್ತರಿ ಕೆಳಗಿಟ್ಟು ಹೊರಟುಹೋದಳು.

ಅವ್ವ ಇನ್ನೊಂದು ಸೀರೆ ಬಿಚ್ಚಿ ಹಾಸಿದಳು. ಉಳಿದಿದ್ದ ರೊಟ್ಟಿಯನ್ನು ನಾನೇ ಮುರಿದು ಅವಳ ಮುಂದೆ ಹಿಡಿದೆ.

“ಈ ಕೌದಿಗಿ ಇದನ್ನ ಇಡವ್ವಾ. ಚೂರು ದೊಡ್ಡದಽ ಐತಿ.”