ಕೆನ್ನೆಗೆ ಬಿದ್ದ ಏಟು

ಬಾಚಣಿಗೆ ತಲೆಗೆ ತಾಗಿದ್ದೇ ತಡ, ಚಿನ್ನಮ್ಮಜ್ಜಿ ನೇತ್ರಾವತಿಯ ಕೆನ್ನೆಗೆ ಬಾರಿಸಿಬಿಟ್ಟಳು. ಬಾಳ್ಳುಪೇಟೆಯ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಕೇಳಿಕೊಂಡು ಮಗ್ಗೆಯಿಂದ ಬಂದಿದ್ದ ಅವಳಿಗೆ ಅದೇ ಸಂದರ್ಶನ: ಮರೆವಿನ ಕಾಯಿಲೆಯ ಅಜ್ಜಿಗೆ ತಲೆ ಬಾಚುವುದು. ಮೇಲ್ವಿಚಾರಕಿ ಸುಚಿತ್ರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೆಳಿಗ್ಗೆಯಿಂದ ಇದೇ ಕೆಲಸಕ್ಕೆ ಬಂದು ಏಟು ತಿಂದವರಲ್ಲಿ ಒಬ್ಬಳು ಅಜ್ಜಿಯ ಕೈ ಅದುಮಿ ಹಿಡಿದಿದ್ದಳು. ಉಳಿದವರು "ಪರವಾಗಿಲ್ಲ" ಎಂದು ನಕ್ಕು, ಬಾಚಿ ಮುಗಿಸಿದ್ದರು.

ನೇತ್ರಾವತಿ ನಗಲಿಲ್ಲ. ಬಾಚಣಿಗೆಯನ್ನು ಮಂಚದ ಮೇಲಿಟ್ಟು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತಳು. "ನೋವಾಯ್ತು ಕಣಜ್ಜಿ. ಬಾಚೋದು ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ಬುಟ್‌ಬುಡ್ತೀನಿ. ಹೊಡೀಬ್ಯಾಡಿ." ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದ ಮನೆಯವರಿಗೆ ಹೇಳಿದಂತಿತ್ತು.

ಚಿನ್ನಮ್ಮಜ್ಜಿ ಅವಳ ಮುಖವನ್ನೇ ನೋಡಿದಳು. ಮೆಲ್ಲಗೆ ಕೈ ಚಾಚಿ, ಕೆಂಪಾಗಿದ್ದ ಕೆನ್ನೆಯನ್ನು ಸವರಿದಳು. "ಯಾರು ಹೊಡೆದ್ರು ಮಗಾ ನಿಂಗೆ?"

"ನೀವೇ ಕಣಜ್ಜಿ."

"ನಾನಾ?" ಅಜ್ಜಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರೆ ಬಾ ಇಲ್ಲಿ, ನಾನೇ ಎಣ್ಣೆ ಹಚ್ತೀನಿ." ನೇತ್ರಾವತಿ ಹತ್ತಿರ ಸರಿದು ಕೆನ್ನೆ ಒಡ್ಡಿದಳು.

ಸುಚಿತ್ರಾ ಎಣ್ಣೆ ಬಾಟಲಿ ತಂದುಕೊಟ್ಟು ಹೊರಗೆ ಬಂದಳು. ಬೆಂಚಿನ ಮೇಲೆ ಕಾದಿದ್ದವರಿಗೆ, "ನಮ್ಗೆ ಬೇಕಾದವ್ರು ಸಿಕ್ಕಿದ್ರು ಕಣ್ರಮ್ಮಾ, ಕಾಫಿ ಕುಡ್ಕಂಡು ಹೋಗಿ" ಎಂದಳು.