ಹಿಂದುಮುಂದಿಲ್ಲದವಳು

ತಾನು ಕೊಟ್ಟ ಬಾಳೆಹಣ್ಣನ್ನು ಬೀದಿಯವರು ಯಾರೂ ತಿನ್ನುವುದಿಲ್ಲ ಎಂದು ಮುಟಿಂಟಾಗೆ ಗೊತ್ತಾದದ್ದು ಮೂರನೇ ವಾರ. ಎದುರುಮನೆಗೆ ಕೊಟ್ಟ ಚಿಪ್ಪು ಹಾಗೆಯೇ ಚರಂಡಿಯಲ್ಲಿ ಬಿದ್ದಿತ್ತು.

ಜಾಂಬಿಯಾದಿಂದ ಒಬ್ಬಳೇ ಬಂದವಳು. ಲಾಗೋಸಿನ ಗದ್ದಲದಲ್ಲಿ ಎರಡು ತಿಂಗಳು ಕಳೆದು, ಕುಡಿಯುವ ನೀರು ಪರೀಕ್ಷಿಸುವ ಕೆಲಸಕ್ಕೆ ಒಸೊಗ್ಬೊ ಎಂಬ ಈ ಊರಿಗೆ ಬಂದಾಗ, ಸದ್ಯ, ಕಿವಿಗೆ ನೆಮ್ಮದಿ ಎಂದುಕೊಂಡಿದ್ದಳು. ನೆಮ್ಮದಿ ಹೆಚ್ಚೇ ಆಯಿತು. ಅವಳು ಬೀದಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಧೈರ್ಯ ಮಾಡಿ ಮಾತಾಡಿಸಿದವರದೂ ಒಂದೇ ಪ್ರಶ್ನೆ: "ನಿಮ್ಮ ಕಡೆಯವರು ಯಾವಾಗ ಬರ್ತಾರೆ?"

ಹಾಗೆ ಕೇಳದವಳು ಮನೆಯೊಡತಿ ಅಡುಂಕೆ ಒಬ್ಬಳೇ. ಊರಿಗೆಲ್ಲ ಅವಳು 'ಇಯಾ', ಎಂದರೆ ಅಮ್ಮ. ಹತ್ತೊಂಬತ್ತು ವರ್ಷದ ಹಿಂದೆ ಅವಳೂ ಒಂದು ಗಂಟು ಹೊತ್ತು ಎಲ್ಲಿಂದಲೋ ಬಂದವಳೇ. ಬೀದಿಯಲ್ಲಿ ಕೂತು ಅಲಸಂದೆ ಬೋಂಡ ಕರಿದು ಮಾರುತ್ತಿದ್ದಳು. ಓಗ್ಬೊಮೊಶೊ ಕಡೆಯ ಲಾರಿಗಳು ಸಂತೆಗೆ ಬರುವ ದಿನ ಮಾತ್ರ ಮಂಡಿನೋವೆಂದು ಒಳಗೇ ಇರುತ್ತಿದ್ದಳು. ಬೋಂಡ ತಿಂದ ಬಾಯಿ ಇನ್ನೇನು ಕೇಳೀತು? ಊರು ಅವಳನ್ನು ತನ್ನವಳೆಂದು ಒಪ್ಪಿಕೊಂಡಿತ್ತು.

ಮನೆ ತೋರಿಸಿದ ದಿನ ಅವಳು ಮುಟಿಂಟಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಒಬ್ಬಳೇನಾ?" ಎಂದಿದ್ದಳು. ಹೌದೆಂದ ಕೂಡಲೇ ಬೀಗದ ಕೈ ಕೊಟ್ಟಿದ್ದಳು.

"ಇಲ್ಲಿ ನಿನ್ನನ್ನ ಹುಡುಕ್ಕೊಂಡು ಯಾರೂ ಬರಲ್ಲ, ಮಗಳೇ. ಹೆದರ್ಬೇಡ."

ಹೆದರಿಕೆ ಯಾತಕ್ಕೆ ಎಂದು ಮುಟಿಂಟಾ ಕೇಳಲಿಲ್ಲ. ವಯಸ್ಸಾದವರು ಏನೋ ಒಂದು ಹೇಳುತ್ತಾರೆ. ಪ್ರತಿ ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ತಾಯಿ ಹೋದ ಮೇಲೆ ಅವಳ ಜೊತೆ ಯಾರೂ ಹಾಗೆ ಕೂತು ಉಂಡಿರಲಿಲ್ಲ. ಇಯಾ ಇಲ್ಲದಿದ್ದರೆ ಮೊದಲ ತಿಂಗಳೇ ಅವಳು ಗಂಟುಮೂಟೆ ಕಟ್ಟುತ್ತಿದ್ದಳು.

ಒಂದು ದಿನ ದರ್ಜಿ ಮೊಜಿಸೋಲಾ ಅಳತೆ ಟೇಪನ್ನು ಮೇಜಿನ ಮೇಲೆ ದೂರದಿಂದಲೇ ಎಸೆದಳು. "ನೀವೇ ಅಳ್ಕೊಳ್ಳಿ."

ಮುಟಿಂಟಾಗೆ ರೇಗಿತು. "ಯಾಕೆ, ನಾನೇನು ದೆವ್ವಾನಾ?"

ಮೊಜಿಸೋಲಾ ನಗಲಿಲ್ಲ. "ಅದನ್ನ ನೀವೇ ಹೇಳ್ಬೇಕು. ಒಂದೂರಲ್ಲಿ ಸತ್ತೋರು ಇನ್ನೊಂದೂರಿಗೆ ಬಂದು ಬದುಕು ಹೂಡ್ತಾರೆ. ಅಕುದಾಯಾ ಅಂತೀವಿ. ಉಣ್ತಾರೆ, ದುಡೀತಾರೆ, ಎಲ್ಲಾ ನಮ್ಮ ಹಾಗೇ. ಹಿಂದು ಮುಂದು ಯಾರೂ ಇರಲ್ಲ, ಅದೇ ಗುರುತು. ಬದುಕಿದ್ದಾಗ ಗೊತ್ತಿದ್ದೋರು ಯಾರಾದ್ರೂ ಎದುರಿಗೆ ಬಂದ್ರೋ, ಅವತ್ತೇ ಮಾಯ. ನಿಮ್ಮ ಫೋನು ಒಂದಿನಾನಾದ್ರೂ ಬಡ್ಕೊಂಡಿದ್ದು ಕೇಳಿಲ್ಲಮ್ಮ ನಾವು!"

ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಮುಟಿಂಟಾ ಒಬ್ಬಳೇ ನಕ್ಕಳು. ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ಮಣಿಕಟ್ಟು ಒತ್ತಿ ಹಿಡಿದಳು. ನಾಡಿ ಸಿಗುವುದು ಒಂದು ಕ್ಷಣ ತಡವಾಯಿತು. ಅಷ್ಟರಲ್ಲಿ ಬೆವತುಹೋಗಿದ್ದಳು.

ಮಾರನೆಯ ದಿನ ಕಚೇರಿಯಿಂದ ಅಕ್ಕ ಚೋಲ್ವೆಗೆ ಫೋನು ಮಾಡಿದಳು. "ಶನಿವಾರದೊಳಗೆ ಬಂದುಬಿಡು. ನಿನ್ನ ಕೈ ಹಿಡ್ಕೊಂಡು ಬೀದಿಯೆಲ್ಲಾ ಸುತ್ತಬೇಕು."

"ನೀನು ಬದುಕಿದ್ದೀಯ ಅಂತ ಸಾಕ್ಷಿ ಹೇಳೋಕೆ ನಾನು ವಿಮಾನ ಹತ್ಬೇಕಾ? ಹುಚ್ಚಿ!" ಎಂದಳು ಅಕ್ಕ. ಆದರೂ ಬರುತ್ತೇನೆಂದಳು.

ಸಂಜೆ ಇಯಾ ನೆನೆಸಿದ ಅಲಸಂದೆಯ ಸಿಪ್ಪೆ ಉಜ್ಜುತ್ತಿದ್ದಳು. ಮುಟಿಂಟಾ ಎದುರಿಗೆ ಕೂತು ದರ್ಜಿಯ ಮಾತನ್ನೆಲ್ಲ ಒದರಿದಳು.

"ನನ್ನನ್ನ ಸತ್ತವಳು ಅಂದ್ಕೊಂಡಿದ್ದಾರೆ, ಇಯಾ!"

"ಅಂದ್ಕೊಳ್ಳಲಿ ಬಿಡು," ಎಂದು ಇಯಾ ನಕ್ಕಳು. "ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ."

"ಯಾಕೆ ಬಿಡ್ಲಿ? ಶನಿವಾರ ನನ್ನಕ್ಕ ಬರ್ತಿದ್ದಾಳೆ. ಎಲ್ಲರ ಬಾಯಿ ಮುಚ್ಚುತ್ತೆ."

ಇಯಾಳ ಕೈ ನೀರಿನಲ್ಲೇ ನಿಂತಿತು. "ನಿನ್ನ ಸ್ವಂತ ಅಕ್ಕಾನಾ? ಅವಳು ಎದುರಿಗೆ ಬಂದ್ರೆ ನೀನು ನಿಲ್ತೀಯಾ?"

"ನಿಲ್ಲದೆ? ಓಡಿಹೋಗಿ ತಬ್ಕೋತೀನಿ!"

ಇಯಾ ಒದ್ದೆ ಕೈಯಲ್ಲೇ ಅವಳ ಕೆನ್ನೆ ಮುಟ್ಟಿ ನೋಡಿದಳು. ಕಣ್ಣು ತುಂಬಿ ಬಂತು.

"ಹಾಗಾದ್ರೆ ನೀನು ಬದುಕಿದ್ದೀಯಾ, ಮಗಳೇ? ಹತ್ತೊಂಬತ್ತು ವರ್ಷ ಆದ್ಮೇಲೆ ನನ್ನ ಥರದವಳು ಒಬ್ಬಳು ಸಿಕ್ಕಿದ್ಲು ಅಂದ್ಕೊಂಡಿದ್ದೆನಲ್ಲಾ."